ಅಮರ್ಜಾದಿಂದ ಭೀಮೆಯವರೆಗೆ ಒಂದು ಕಾರಿನ ಹುಡುಕಾಟ

ಮಗನಿಗೆ ನಮ್ಮ ಜಿಲ್ಲೆಯದೇ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕು ಎರಡು ವರ್ಷವಾಯಿತು. ಆಗಾಗ ರಾತ್ರಿ ಪಾಳಿ ಇರುತ್ತದೆ. ಪಾಳಿ ಮುಗಿಸಿ ಅಪರಾತ್ರಿಯಲ್ಲಿ ಬೈಕಿನ ಮೇಲೆ ಕಲಬುರಗಿಗೆ ಬರುತ್ತಿದ್ದ. ಅವನು ಗೇಟು ತೆಗೆದ ಸದ್ದು ಕೇಳುವವರೆಗೆ ಅವನ ತಾಯಿಗೆ ನಿದ್ದೆ ಹತ್ತುತ್ತಿರಲಿಲ್ಲ. ಹೀಗಾಗಿ ಕಾರು ಕೊಳ್ಳುವ ಮಾತು ಎದ್ದಾಗ ನಾನು ಬೇಡ ಎನ್ನಲಿಲ್ಲ. ಆದರೆ ಮಗ ಮೊಬೈಲಿನಲ್ಲಿ ತೋರಿಸಿದ ಕಾರು ನೋಡಿ ಗಾಬರಿಯಾಯಿತು. ನೆಲಕ್ಕೆ ಹೊಟ್ಟೆ ಹಚ್ಚಿ ಕುಳಿತಂತಿದ್ದ, ಎರಡೇ ಬಾಗಿಲಿನ ಕೆಂಪು ಕಾರು!

"ಅಪ್ಪಾ, ಹೊಸಾದು ಬ್ಯಾಡ್ರಿ. ಸೆಕೆಂಡ್ ಹ್ಯಾಂಡೇ ಸಾಕು. ಆದ್ರ ಸ್ಪೋರ್ಟ್ಸ್ ಕಾರ್ ಆಗಿರಬೇಕು" ಎಂದ.

ಅವನ ಉಳಿತಾಯ ಎರಡೂವರೆ ಲಕ್ಷ. ನಾನು ಒಂದೂವರೆ ಲಕ್ಷ ಸೇರಿಸಬಲ್ಲೆ. ಒಟ್ಟು ನಾಲ್ಕು ಲಕ್ಷ. ಒಬ್ಬ ಹೈಸ್ಕೂಲು ಮಾಸ್ತರನಿಗೂ ಎರಡು ವರ್ಷದ ನೌಕರಿಯ ಹುಡುಗನಿಗೂ ಇದು ಸಣ್ಣ ಮೊತ್ತವಲ್ಲ. ಇದು ಹೋದರೆ ಮತ್ತೆ ಕೂಡಿಸಲು ವರ್ಷಗಳೇ ಬೇಕು.

ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲ್ಲೂಕುಗಳಲ್ಲಿ ನಾನು ವಿಜ್ಞಾನ ಪಾಠ ಮಾಡಿದ್ದೇನೆ. ಮೂರೂ ಕಡೆ ಹಳೆಯ ವಿದ್ಯಾರ್ಥಿಗಳಿದ್ದಾರೆ. ಅವರಿಗೆ ಫೋನ್ ಮಾಡಿದೆ. ವಾರದೊಳಗೆ ಮೂರು ಊರುಗಳಿಂದ ಮೂರು ಕಾರುಗಳ ಸುದ್ದಿ ಬಂತು. ಡಿಸೆಂಬರಿನ ಎರಡು ಭಾನುವಾರ ಅಪ್ಪ, ಮಗ ಇಬ್ಬರೂ ಬಸ್ಸು ಹತ್ತಿದೆವು. ನನ್ನ ಚೀಲದಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಟಾರ್ಚು, ಮತ್ತೆ ಬಟ್ಟೆಯಲ್ಲಿ ಸುತ್ತಿದ ಒಂದು ಪಟ್ಟಿ ಅಯಸ್ಕಾಂತ. ಅಯಸ್ಕಾಂತ ಯಾಕೆಂದು ಮಗ ನಕ್ಕ. ಅದರ ಉಪಯೋಗ ಮುಂದೆ ಹೇಳುತ್ತೇನೆ.

ಸ್ಪೋರ್ಟ್ಸ್ ಕಾರು ಅಂದರೆ ಯಾವುದು?

ಬಸ್ಸಿನಲ್ಲಿ ಇದೇ ಚರ್ಚೆ. ಬಣ್ಣ ಕೆಂಪಿದ್ದು, ಹಿಂದೆ ರೆಕ್ಕೆಯಿದ್ದು, ಸದ್ದು ಜೋರಾಗಿದ್ದ ಮಾತ್ರಕ್ಕೆ ಸ್ಪೋರ್ಟ್ಸ್ ಕಾರು ಆಗುವುದಿಲ್ಲ. ತೂಕ ಕಡಿಮೆ ಇರಬೇಕು, ಗುರುತ್ವಕೇಂದ್ರ ನೆಲಕ್ಕೆ ಹತ್ತಿರ ಇರಬೇಕು, ಸ್ಟೀರಿಂಗ್ ಹೇಳಿದಂತೆ ಕೇಳಬೇಕು, ಬ್ರೇಕು ನಂಬುವಂತಿರಬೇಕು. ಜಪಾನಿನ ಮಜ್ದಾ ಕಂಪನಿ 1989ರಲ್ಲಿ ತಂದ ಎಂಎಕ್ಸ್-5 ಎಂಬ ಎರಡು ಸೀಟಿನ ಪುಟ್ಟ ಕಾರು ಭಾರೀ ಎಂಜಿನ್ ಇಲ್ಲದೆಯೇ ಜಗತ್ತಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ತಯಾರಾಗಿದೆ. ಅದರ ಗುಟ್ಟು ಹಗುರವಾದ ಮೈ.

ನಮ್ಮ ದೇಶದಲ್ಲೂ ಇಂಥ ಪ್ರಯತ್ನ ಆಗಿತ್ತು. ಬೆಂಗಳೂರಿನ ಸ್ಯಾನ್ ಎಂಜಿನಿಯರಿಂಗ್ ಸಂಸ್ಥೆ ರೈಲು ಎಂಜಿನ್ ತಯಾರಿಸುವುದಕ್ಕೆ ಹೆಸರಾದದ್ದು. ಅದರ ಬಳಗದ ಸ್ಯಾನ್ ಮೋಟಾರ್ಸ್ 1998ರಲ್ಲಿ 'ಸ್ಟಾರ್ಮ್' ಎಂಬ ಎರಡು ಬಾಗಿಲಿನ ಕಾರು ತಂದಿತು. ಫೈಬರ್ ಮೈ, ರೆನೋ ಕಂಪನಿಯ ಸಣ್ಣ ಎಂಜಿನ್, ಸುಮಾರು 60 ಅಶ್ವಶಕ್ತಿ. ರಸ್ತೆಗೆ ಬಂದದ್ದು ಬಹಳ ಕಡಿಮೆ. ಇಂದು ಎಲ್ಲಾದರೂ ಒಂದು ಸಿಕ್ಕರೂ ಅದರ ಬಿಡಿಭಾಗಕ್ಕೆ ಎಲ್ಲಿ ಹೋಗುವುದು?

ಹಾಗಾದರೆ ಸಾಮಾನ್ಯರಿಗೆ ದಾರಿ ಯಾವುದು? ಯುರೋಪಿನವರು ಅದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. 1976ರಲ್ಲಿ ಬಂದ ಗಾಲ್ಫ್ ಜಿಟಿಐ ಮನೆಮಂದಿ ಕೂರುವ ಸಣ್ಣ ಕಾರು, ಅದಕ್ಕೆ 110 ಅಶ್ವಶಕ್ತಿಯ ಎಂಜಿನ್. ಅದೇ ಜಾಡಿನಲ್ಲಿ ನಮ್ಮಲ್ಲಿ 2001ರಲ್ಲಿ ಫಿಯಾಟ್ ಪಾಲಿಯೋ 1.6, 2013ರಲ್ಲಿ ಪೋಲೋ ಜಿಟಿ, 2017ರಲ್ಲಿ ಬಲೆನೋ ಆರ್‌ಎಸ್ ಬಂದವು. ಎಲ್ಲವೂ ಹೆಚ್ಚು ಕಡಿಮೆ 100 ಅಶ್ವಶಕ್ತಿಯವು. ಈಗ ಮೂರೂ ತಯಾರಾಗುತ್ತಿಲ್ಲ. ಹಳೆಯ ಗಾಡಿ ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆಯೇ ಇದು: ಇದರ ಸಾಮಾನು ನಮ್ಮೂರಲ್ಲಿ ಸಿಗುತ್ತದೆಯೇ, ಇದನ್ನು ಬಿಚ್ಚಿ ಜೋಡಿಸಬಲ್ಲ ಮಿಸ್ತ್ರಿ ಹತ್ತಿರದಲ್ಲಿ ಇದ್ದಾನೆಯೇ?

ಆಳಂದ: ಕಾಗದ ಮಾತಾಡಿತು

ಕಲಬುರಗಿಯಿಂದ ಆಳಂದಕ್ಕೆ ಸುಮಾರು 40 ಕಿ.ಮೀ. ದಾರಿಯಲ್ಲಿ ಕಡಗಂಚಿ. 2009ರಲ್ಲಿ ಆರಂಭವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಇಲ್ಲೇ. ಆಳಂದ ಗಡಿ ತಾಲ್ಲೂಕು. ಆಚೆಗೆ ಮಹಾರಾಷ್ಟ್ರದ ಅಕ್ಕಲಕೋಟೆ, ಸೊಲ್ಲಾಪುರ. ಬಸ್‌ ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕೇಳಿಸುತ್ತವೆ. ಗಾಡಿಗಳ ನಂಬರು ಪಟ್ಟಿಯೂ ಹಾಗೆಯೇ. ನಮ್ಮ ಕೆಎ-32 ಜೊತೆಗೆ ಸೊಲ್ಲಾಪುರದ ಎಂಎಚ್-13 ಧಾರಾಳ.

ನಾವು ನೋಡಿದ ಕಾರು ಎಂಎಚ್-13. ಕೆಂಪು ಬಣ್ಣ, ಹಿಂದೆ ರೆಕ್ಕೆ, ಅಗಲ ಚಕ್ರ. ಮಗನ ಕಣ್ಣು ಅರಳಿತು. ಮಾರುವವನು ಬಾನೆಟ್ ಮೇಲೆ ಕೈಯಾಡಿಸುತ್ತ, "ಗಾಡಿ ಮಸ್ತ್ ಅದರಿ ಸರ. ಸೊಲ್ಲಾಪುರದಾಗ ಡಾಕ್ಟರ್ ಸಾಹೇಬ್ರು ಓಡಿಸಿದ್ದು" ಎಂದ. ಸೆಕೆಂಡ್ ಹ್ಯಾಂಡ್ ಗಾಡಿಗಳ ಲೋಕದಲ್ಲಿ ಎಲ್ಲ ಕಾರುಗಳನ್ನೂ ಡಾಕ್ಟರರೇ ಓಡಿಸಿರುತ್ತಾರೆ. ಪಾಪ, ಅವರು ರೋಗಿಗಳನ್ನು ಯಾವಾಗ ನೋಡುತ್ತಾರೋ!

ನಾನು ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತ ಹೊರತೆಗೆದೆ. ಬಾಗಿಲಿಗೆ ಹಿಡಿದರೆ ಅಂಟಿಕೊಂಡಿತು. ಹಿಂದಿನ ಚಕ್ರದ ಮೇಲಿನ ತಗಡಿಗೆ ಹಿಡಿದರೆ ಜಾರಿ ಬಿತ್ತು. ತಗಡು ನಜ್ಜುಗುಜ್ಜಾದಾಗ ಅದರ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುತ್ತಾರೆ. ದಪ್ಪ ಪುಟ್ಟಿಯ ಆಚೆಗಿನ ಕಬ್ಬಿಣವನ್ನು ಅಯಸ್ಕಾಂತ ಹಿಡಿಯಲಾರದು. ಬಂಪರಿನಂಥ ಪ್ಲಾಸ್ಟಿಕ್ ಭಾಗಗಳಲ್ಲಿ ಈ ಪರೀಕ್ಷೆ ನಡೆಯದು ಎಂಬುದೂ ನೆನಪಿರಲಿ. ಮೀಟರು 38 ಸಾವಿರ ಕಿ.ಮೀ. ತೋರಿಸುತ್ತಿತ್ತು. ಆದರೆ ಕ್ಲಚ್ ಪೆಡಲಿನ ರಬ್ಬರು ಸವೆದು ನುಣ್ಣಗಾಗಿತ್ತು. ಮೀಟರನ್ನು ತಿರುಗಿಸಬಹುದು, ಸವೆದ ರಬ್ಬರು ಸುಳ್ಳು ಹೇಳುವುದಿಲ್ಲ.

ಮಗ ಬಗ್ಗಿ ಕೆಳಗೆ ನೋಡಿ, "ಅಪ್ಪಾ, ಸ್ಪ್ರಿಂಗ್ ಕಟ್ ಮಾಡ್ಯಾರ" ಎಂದ. ಕಾರು ತಗ್ಗಾಗಿ ಕಾಣಲೆಂದು ಮಾಡುವ ಕೆಲಸವಿದು. ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿ ಹಿಡಿದಿದೆ. ಇಂಥ ಗಾಡಿ ಅಪಘಾತವಾದರೆ ವಿಮೆ ಕಂಪನಿಯವರು ತಕರಾರು ತೆಗೆಯಬಹುದು.

ಕೊನೆಗೆ ಆರ್‌ಸಿ ತರಿಸಿದೆ. ಅದರಲ್ಲಿ ಸಾಲ ಕೊಟ್ಟವರ ಹೆಸರು ಹಾಗೇ ಇತ್ತು. ಸಾಲ ತೀರಿದ ಪತ್ರ ಮತ್ತು ಫಾರಂ 35 ಇಲ್ಲದೆ ಆ ಹೆಸರು ಹೋಗದು. ಬೇರೆ ರಾಜ್ಯದ ಗಾಡಿಯಾದ್ದರಿಂದ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಫಾರಂ 28 ಬೇಕು. ಆಮೇಲೆ ಗಾಡಿಯ ವಯಸ್ಸಿಗೆ ತಕ್ಕಂತೆ ನಮ್ಮ ರಾಜ್ಯದ ಜೀವಾವಧಿ ತೆರಿಗೆ ಬೇರೆ. "ಅದೆಲ್ಲ ಆಮ್ಯಾಲೆ ಮಾಡ್ಕೋಬಹುದು ಬಿಡ್ರಿ ಸರ" ಎಂದ. ನಾವು ಚಹಾ ಕುಡಿದು ನಮಸ್ಕಾರ ಹೇಳಿ ಹೊರಟೆವು. ಗಡಿಯಾಚೆಯ ಗಾಡಿ ಅಗ್ಗವಾಗಿ ಕಂಡರೆ ತೆರಿಗೆ, ಓಡಾಟ ಎಲ್ಲ ಕೂಡಿಸಿ ಲೆಕ್ಕ ಹಾಕಬೇಕು.

ಅಫಜಲಪುರ: ಸೀಟಿನಡಿಯ ಎರೆಮಣ್ಣು

ಆಳಂದ ತಾಲ್ಲೂಕಿನ ಅಮರ್ಜಾ ಹೊಳೆಗೆ ಕೋರಳ್ಳಿ ಬಳಿ ಅಣೆಕಟ್ಟು ಇದೆ. ಅಲ್ಲಿಂದ ಮುಂದೆ ಹರಿದು ಅದು ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ನಾವೂ ಹೊಳೆಯ ಹಿಂದೆಯೇ ಹೋದಂತೆ ಗಾಣಗಾಪುರಕ್ಕೆ ಬಂದು, ದತ್ತನ ದರ್ಶನ ಮಾಡಿ, ಸಂಗಮದ ಮೆಟ್ಟಿಲ ಮೇಲೆ ರೊಟ್ಟಿ ಬಿಚ್ಚಿದೆವು. ಶಾಂತವಾಗಿ ಹರಿಯುತ್ತಿದ್ದ ಭೀಮೆಯನ್ನು ನೋಡಿದರೆ 2020ರ ಅಕ್ಟೋಬರಿನಲ್ಲಿ ಇವಳೇ ಊರೂರು ನುಗ್ಗಿದಳೆಂದು ನಂಬುವುದು ಕಷ್ಟ. ಆಗ ಅಫಜಲಪುರ, ಜೇವರ್ಗಿ ಎರಡೂ ತಾಲ್ಲೂಕುಗಳ ಹೊಳೆದಂಡೆಯ ಹಳ್ಳಿಗಳು ನೀರಿನಲ್ಲಿ ನಿಂತಿದ್ದವು.

ಆ ನೆನಪು ಸಂಜೆ ಉಪಯೋಗಕ್ಕೆ ಬಂತು. ಅಫಜಲಪುರದಲ್ಲಿ ಕಂಡದ್ದು ನೀಲಿ ಬಣ್ಣದ, ಟರ್ಬೊ ಎಂಜಿನ್ನಿನ ಕಾರು. ಬೆಲೆ ಪೇಟೆಗಿಂತ ಒಂದು ಲಕ್ಷ ಕಡಿಮೆ. ಕಾಗದವೆಲ್ಲ ಸರಿ, ಅಯಸ್ಕಾಂತವೂ ಎಲ್ಲ ಕಡೆ ಅಂಟಿತು. ಮಗ ನನ್ನ ಮುಖ ನೋಡಿದ. ನನಗೂ ಆಸೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಇಷ್ಟು ಅಗ್ಗ ಯಾಕೆ?

ಬಾಗಿಲು ತೆಗೆದೊಡನೆ ಅಗರಬತ್ತಿಯಂಥ ಘಮ. ಅದರ ಅಡಿಯಲ್ಲಿ ಒದ್ದೆ ಗೋಣಿಚೀಲದ ವಾಸನೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದೆ. ಸಾಮಾನ್ಯವಾಗಿ ಯಾರೂ ಅಷ್ಟು ಎಳೆಯುವುದಿಲ್ಲ, ತೊಳೆಯುವವರೂ ಮರೆಯುತ್ತಾರೆ. ಕೊನೆಯ ಎರಡು ಗೇಣು ಪಟ್ಟಿಯ ಮೇಲೆ ಕಂದು ಗೆರೆ. ಸೀಟಿನ ಬೋಲ್ಟುಗಳಿಗೆ ತುಕ್ಕು. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಟಾರ್ಚು ಬಿಟ್ಟರೆ, ಮೂಲೆಯಲ್ಲಿ ಒಣಗಿ ಬಿರುಕುಬಿಟ್ಟ ಒಂದು ಹಿಡಿ ಕರಿ ಎರೆಮಣ್ಣು! ನೀರಿನಲ್ಲಿ ನಿಂತ ಕಾರು ಹೊರಗೆ ಹೊಳೆಯಬಹುದು. ಆದರೆ ಅದರ ವೈರುಗಳ ಜೋಡಣೆಗಳಲ್ಲಿ, ಕಂಪ್ಯೂಟರ್ ಪೆಟ್ಟಿಗೆಯಲ್ಲಿ, ಏರ್‌ಬ್ಯಾಗಿನ ತಂತಿಗಳಲ್ಲಿ ತುಕ್ಕು ನಿಧಾನವಾಗಿ ಕೆಲಸ ಮಾಡುತ್ತಿರುತ್ತದೆ. ಎಂದು ಕೈಕೊಡುವುದೋ ಹೇಳಲಾಗದು.

ಮಗ ಮಾತಾಡದೆ ಡಿಕ್ಕಿ ಮುಚ್ಚಿದ.

ಹಿಂತಿರುಗುವಾಗ ಕತ್ತಲಾಗಿತ್ತು. ಕಬ್ಬು ನುರಿಸುವ ಕಾಲ. ಕಾರ್ಖಾನೆಗಳಿಗೆ ಹೋಗುವ ಟ್ರ್ಯಾಕ್ಟರುಗಳ ಸಾಲು. ಒಂದೊಂದಕ್ಕೂ ಎರಡೆರಡು ಟ್ರಾಲಿ, ಗುಡ್ಡದಂತೆ ಹೇರಿದ ಕಬ್ಬು. ಅನೇಕಕ್ಕೆ ಹಿಂದೆ ಕೆಂಪು ದೀಪವಿಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ಚೌಡಾಪುರದ ಹತ್ತಿರ ನಮ್ಮ ಬಸ್ಸು ಒಮ್ಮೆಲೇ ಬ್ರೇಕು ಹಾಕಿತು. ಮುಂದೆ ಕತ್ತಲೆಯಲ್ಲಿ ಕತ್ತಲೆಯೇ ನಿಂತಂತೆ ಒಂದು ಟ್ರಾಲಿ.

ಆಗ ನಾನು ಮಗನಿಗೆ ಎಂದೂ ಹೇಳದ ಒಂದು ವಿಷಯ ಹೇಳಿದೆ. ಹಲವು ವರ್ಷದ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಜಾಣ ಹುಡುಗನಿದ್ದ. ಚಲನಶಕ್ತಿ ಎಂದರೆ ಅರ್ಧ ಎಂ ವಿ ವರ್ಗ ಎಂದು ಬೋರ್ಡಿನ ಮೇಲೆ ತಾನೇ ಸಾಧಿಸಿ ತೋರಿಸಿದವನು. ಕಾಲೇಜಿಗೆ ಹೋದ ಮೇಲೆ ಹೊಸ ಬೈಕು ಬಂತು. ಇಂಥದೇ ಒಂದು ರಾತ್ರಿ, ಇಂಥದೇ ಒಂದು ಟ್ರಾಲಿ. ಅವನ ತಂದೆ ಇವತ್ತಿಗೂ ನನ್ನನ್ನು ಕಂಡರೆ "ಮಾಸ್ತರ, ಛಲೋ ಓದ್ತಿದ್ದಲ್ರಿ" ಎನ್ನುತ್ತಾರೆ. ನಾನು ಆ ಸೂತ್ರವನ್ನು ಪರೀಕ್ಷೆಗಾಗಿ ಕಲಿಸಿದ್ದೆ. ರಸ್ತೆಗಾಗಿ ಕಲಿಸಿರಲಿಲ್ಲ.

ಬಸ್ಸಿನ ಟಿಕೆಟ್ಟಿನ ಹಿಂಬದಿಯಲ್ಲೇ ಲೆಕ್ಕ ಬರೆದೆವು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಒಳ್ಳೆಯ ಟೈರು, ಒಣ ಡಾಂಬರು ಇದ್ದರೆ ಬ್ರೇಕು ಒತ್ತಿದ ಮೇಲೆ ಸುಮಾರು 9 ಮೀಟರಿಗೆ ಗಾಡಿ ನಿಲ್ಲುತ್ತದೆ. ವೇಗ 80 ಆದರೆ 18 ಅಲ್ಲ, 36 ಮೀಟರು. 120 ಆದರೆ 81. ವೇಗ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಇದಕ್ಕೆ ಮೊದಲು, ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಹಿಡಿಯಿರಿ. 80ರ ವೇಗದಲ್ಲಿ ಆ ಒಂದು ಸೆಕೆಂಡಿನಲ್ಲಿ ಗಾಡಿ 22 ಮೀಟರು ಓಡಿರುತ್ತದೆ. ಒಟ್ಟು 58. ತಗ್ಗಿಸಿದ ಹೆಡ್‌ಲೈಟು ಚೆನ್ನಾಗಿ ಬೆಳಗುವುದು 40-50 ಮೀಟರು. ಅಂದರೆ 80ರಲ್ಲಿ ಹೋಗುವವನು ದೀಪವಿಲ್ಲದ ಟ್ರಾಲಿಯನ್ನು ಕಾಣುವ ಹೊತ್ತಿಗೆ ನಿಲ್ಲುವ ಜಾಗ ಮುಗಿದಿರುತ್ತದೆ. ನೂರು ಅಶ್ವಶಕ್ತಿಯ ಎಂಜಿನ್ ಇಲ್ಲಿ ಯಾವ ಸಹಾಯಕ್ಕೂ ಬಾರದು.

ಮಗ ಆ ಟಿಕೆಟ್ಟನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡ.

ಜೇವರ್ಗಿ: ಹದಿನೇಳು ಹೆಜ್ಜೆ

ಮುಂದಿನ ಭಾನುವಾರ ಜೇವರ್ಗಿ. ಕಟ್ಟಿಸಂಗಾವಿಯ ಸೇತುವೆಯ ಮೇಲೆ ಮತ್ತೆ ಭೀಮೆ ಸಿಕ್ಕಳು. ಎರಡೂ ಬದಿಗೆ ಕಣ್ಣು ಹಾಯುವವರೆಗೆ ಎರೆಭೂಮಿ, ಕೊಯ್ಲಿಗೆ ಬಂದ ತೊಗರಿ. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಲಬುರಗಿ ತೊಗರಿ ಇದೇ.

ಬೆಳೆಗೆ ವರವಾದ ಈ ಮಣ್ಣು ರಸ್ತೆಗೆ ಶತ್ರು. ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಇದೆ. ಪದರ ಪದರವಾದ ಅದರ ರಚನೆಯೊಳಗೆ ನೀರು ಹೊಕ್ಕರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಅಂಗೈ ಹಿಡಿಸುವಷ್ಟು ಬಿರುಕು ಬಿಡುತ್ತದೆ. ಮೇಲಿನ ಡಾಂಬರು ಅಲೆಅಲೆಯಾಗಿ, ಅಂಚು ಕುಸಿದು ಹೋಗುತ್ತದೆ. ಇನ್ನು ಊರ ಮುಂದಿನ ಹಂಪುಗಳು! ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದಂತೆ ಹಂಪು 3.7 ಮೀಟರು ಅಗಲ, 10 ಸೆಂಟಿಮೀಟರು ಎತ್ತರ ಇರಬೇಕು. ನಮ್ಮ ಹಳ್ಳಿಯ ಹಂಪುಗಳಿಗೆ ಆ ನಿಯಮ ಓದಲು ಬರುವುದಿಲ್ಲ. ನೆಲದಿಂದ 12-13 ಸೆಂಟಿಮೀಟರು ಮಾತ್ರ ಎತ್ತರವಿರುವ ಕಾರಿನಲ್ಲಿ ನಾಲ್ಕು ಮಂದಿ ಕೂತರೆ ಅದು ಇನ್ನೂ ಕುಸಿಯುತ್ತದೆ. ಎಂಜಿನ್ನಿನ ಎಣ್ಣೆ ತೊಟ್ಟಿ ಹಂಪಿಗೆ ಬಡಿದು ಒಡೆದರೆ ಎಂಜಿನ್ ಕಥೆಯೇ ಮುಗಿಯಿತು.

ಮೂರನೆಯ ಕಾರು ಒಬ್ಬ ನಿವೃತ್ತ ನೌಕರರದು. 2015ರ ಸ್ವಿಫ್ಟ್, ಪೆಟ್ರೋಲ್, ಝಡ್‌ಎಕ್ಸ್‌ಐ ಮಾದರಿ, ಬೂದು ಬಣ್ಣ. ಮಗನ ಮುಖ ಸಪ್ಪಗಾಯಿತು. "ಇದು ಎಲ್ಲಾರ ಮನ್ಯಾಗೂ ಇರ್ತದಲ್ರಿ ಅಪ್ಪಾ" ಎಂದು ಪಿಸುಗುಟ್ಟಿದ.

ನಾನು ಹೇಳಿದೆ: ನಮ್ಮ ಕಾಲದ ಕನಸು ಪ್ರೀಮಿಯರ್ ಪದ್ಮಿನಿ. ಅದರ ಶಕ್ತಿ ಸುಮಾರು 40 ಅಶ್ವಶಕ್ತಿ. ಇದರದು 83. ಎರಡರ ತೂಕದಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ಇದು ಒಂದು ಟನ್ನಿಗಿಂತ ಕಡಿಮೆ. ಶಕ್ತಿಯನ್ನು ತೂಕದಿಂದ ಭಾಗಿಸು, ಪಿಕಪ್ ತಾನೇ ತಿಳಿಯುತ್ತದೆ. ನೆಲದಿಂದ ಎತ್ತರ 17 ಸೆಂಟಿಮೀಟರು. ಮುಖ್ಯವಾಗಿ ಎಬಿಎಸ್ ಇದೆ, ಎರಡು ಏರ್‌ಬ್ಯಾಗ್ ಇವೆ. ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲಿನಿಂದ. ಅದಕ್ಕಿಂತ ಹಳೆಯ ಕಾರುಗಳಲ್ಲಿ ಕೆಳಗಿನ ಮಾದರಿಗಳಿಗೆ ಇದು ಇರದಿರಬಹುದು. ಕೇಳಿಯೇ ಕೊಳ್ಳಬೇಕು.

ಮಾಲೀಕರು ಒಂದು ಕಡತ ತಂದಿಟ್ಟರು. ಪ್ರತಿ ಸರ್ವಿಸಿನ ಬಿಲ್ಲು ತಾರೀಖಿನ ಪ್ರಕಾರ ಚುಚ್ಚಿಟ್ಟಿದ್ದರು. ನಾವು ಮೊದಲೇ ಹೇಳಿದ್ದರಿಂದ ಎಂಜಿನ್ ಬೆಳಗಿನಿಂದ ತಣ್ಣಗಿತ್ತು. ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿ ನೋಡಬೇಕು, ಬಿಸಿ ಎಂಜಿನ್ ತನ್ನ ಕಾಯಿಲೆ ಮುಚ್ಚಿಡುತ್ತದೆ. ಹೊಗೆ ನೀಲಿಯಾದರೆ ಎಣ್ಣೆ ಉರಿಯುತ್ತಿದೆ, ಕಪ್ಪಾದರೆ ಪೆಟ್ರೋಲು ಹೆಚ್ಚಾಗಿ ಸುಡುತ್ತಿದೆ, ಬಿಳಿ ಹೊಗೆ ನಿಲ್ಲದೆ ಬಂದರೆ ಕೂಲಂಟ್ ನೀರು ಒಳಗೆ ಸೇರುತ್ತಿದೆ. ಇಲ್ಲಿ ಯಾವುದೂ ಇರಲಿಲ್ಲ. ಟೈರು ಮಾತ್ರ ಹಳೆಯವು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಸಂಖ್ಯೆ ಇರುತ್ತದೆ. 1416 ಎಂದರೆ 2016ರ 14ನೆಯ ವಾರ ತಯಾರಾದದ್ದು. ಗೀರು 1.6 ಮಿಲಿಮೀಟರಿಗಿಂತ ಸವೆದರೆ ಬದಲಿಸಲೇಬೇಕು. ಗೀರು ಉಳಿದಿದ್ದರೂ ನಮ್ಮ 40 ಡಿಗ್ರಿ ಮೀರುವ ಬಿಸಿಲಿಗೆ ಹಳೆಯ ರಬ್ಬರು ಬಿರುಕು ಬಿಡುತ್ತದೆ.

ಊರಾಚೆಗಿನ ಒಂದು ಖಾಲಿ ಮೈದಾನಕ್ಕೆ ಕಾರು ಒಯ್ದೆವು. ಸುಣ್ಣದಿಂದ ಒಂದು ಗೆರೆ ಎಳೆದೆ. 20ರ ವೇಗದಲ್ಲಿ ಬಂದು ಗೆರೆಯ ಮೇಲೆ ಜೋರಾಗಿ ಬ್ರೇಕು ಹಾಕೆಂದೆ. ನಾಲ್ಕು ಹೆಜ್ಜೆಗೆ ನಿಂತಿತು. ಈಗ 40ರಲ್ಲಿ ಬಾ ಎಂದೆ. ಮಗ ತಾನೇ ಇಳಿದು ಹೆಜ್ಜೆ ಎಣಿಸಿದ. ಹದಿನೇಳು. ಗೆರೆಯ ಕಡೆಗೂ ಕಾರಿನ ಕಡೆಗೂ ಸ್ವಲ್ಪ ಹೊತ್ತು ನೋಡುತ್ತ ನಿಂತ. ಆಮೇಲೆ, "ಇದೇ ಇರ್ಲಿ ಬಿಡ್ರಿ ಅಪ್ಪಾ" ಎಂದ.

ಲೆಕ್ಕ, ಕಾನೂನು

ಮೂರು ಲಕ್ಷ ಹತ್ತು ಸಾವಿರಕ್ಕೆ ಮಾತು ಮುಗಿಯಿತು. ಕೈಯಲ್ಲಿರುವ ಹಣವೆಲ್ಲ ಗಾಡಿಗೇ ಸುರಿಯಬಾರದು, ಐದರಲ್ಲಿ ಒಂದು ಪಾಲನ್ನಾದರೂ ಉಳಿಸಿಕೊಳ್ಳಬೇಕೆಂದು ಮೊದಲೇ ತೀರ್ಮಾನಿಸಿದ್ದೆವು. ಉಳಿದ ಹಣದಲ್ಲಿ ನಾಲ್ಕು ಹೊಸ ಟೈರು, ಬ್ರೇಕ್ ಪ್ಯಾಡು, ಬ್ಯಾಟರಿ, ವಿಮೆ ಎಲ್ಲವೂ ಆದವು.

ಫಾರಂ 29, 30ಕ್ಕೆ ಅವತ್ತೇ ಸಹಿ ಆಯಿತು. ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ವಿಮೆಯೂ ಕೊಂಡವರ ಹೆಸರಿಗೆ ಆಗಬೇಕು. ಗಾಡಿ ಕೈಬದಲಾದರೂ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದ್ದರಿಂದ ಮಾರುವವರೂ ಅವಸರ ಮಾಡಬೇಕಾದ ವಿಷಯವಿದು.

ಕಾರು ಮನೆಗೆ ಬಂದ ದಿನ ಪಕ್ಕದ ಮನೆಯ ಹತ್ತನೆಯ ತರಗತಿಯ ಹುಡುಗ ಓಡಿ ಬಂದ. "ಸರ, ಮೈದಾನದಾಗ ನಾನೂ ಒಂದ್ ರೌಂಡ್ ಹೊಡೀಲ್ರಿ?" ಎಂದ. ಅವನ ತಂದೆಯೂ ನಗುತ್ತ ನಿಂತಿದ್ದರು. ನಾನು ಇಬ್ಬರನ್ನೂ ಕೂರಿಸಿ ಚಹಾ ಕೊಟ್ಟು ಹೇಳಿದೆ: 2019ರಲ್ಲಿ ಕಾಯ್ದೆಗೆ 199ಎ ಎಂಬ ಕಲಮು ಸೇರಿದೆ. 18 ತುಂಬದ ಮಕ್ಕಳು ಗಾಡಿ ಓಡಿಸಿ ತಪ್ಪೆಸಗಿದರೆ ಪಾಲಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸಿಲ್ಲ. ತಂದೆಯ ನಗು ನಿಂತಿತು. ಹುಡುಗನಿಗೆ ಮಾತ್ರ ನಾನು ಸುಣ್ಣದ ಗೆರೆಯ ಕಥೆ ಹೇಳಿದೆ. ಅವನಿಗೆ ಅದು ದಂಡಕ್ಕಿಂತ ಚೆನ್ನಾಗಿ ಹತ್ತಿತು.

ಮಗನ ರಾತ್ರಿ ಪಾಳಿ ಈಗಲೂ ಇದೆ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಆ ಬಸ್ ಟಿಕೆಟ್ಟನ್ನು ಅಂಟಿಸಿಕೊಂಡಿದ್ದಾನೆ. ದೇವರ ಪಟದ ಕೆಳಗೆ. ಅವನ ತಾಯಿ ಇವತ್ತಿಗೂ ಗೇಟಿನ ಸದ್ದಿಗಾಗಿ ಕಾಯುತ್ತಾಳೆ. ಬೈಕಿನಲ್ಲಿ ಬರುತ್ತಿದ್ದುದಕ್ಕಿಂತ ಹತ್ತು ನಿಮಿಷ ತಡವಾಗಿ ಬರುತ್ತಾನೆ. ಆ ಹತ್ತು ನಿಮಿಷ ಕಾಯುವುದಕ್ಕೆ ಅವಳದೇನೂ ತಕರಾರಿಲ್ಲ.